ಪರದೆಯ ಮೇಲೆ ಮಹದೇವಮ್ಮ, ಹಾಸಿಗೆಯ ಮೇಲೆ ರಹಮತ್ ಸಾಹೇಬರು

ಡಯಾಲಿಸಿಸ್ ಘಟಕಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಎಲ್ಲಾದರೂ ಕಂಡರೆ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಅಷ್ಟು ದಪ್ಪ ಸೂಜಿ ಚುಚ್ಚೋಕೆ ನಿಮಗೆ ಭಯ ಆಗ್ತಿರ್ಲಿಲ್ವಾ?" ಇಲ್ಲಮ್ಮ, ಸೂಜಿಯ ಭಯ ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ. ನಾನು ನಿವೃತ್ತಳಾಗುವವರೆಗೂ ಹೆದರಿದ್ದು, ಈಗಲೂ ಬ್ಯಾಂಕಿನಲ್ಲೋ ನಾಡಕಚೇರಿಯಲ್ಲೋ ಕಿವಿಗೆ ಬಿದ್ದರೆ ಮೈ ಉರಿಯುವುದು ಎರಡು ಪದಗಳಿಗೆ: "ಸಿಸ್ಟಮ್ ಒಪ್ಪಲ್ಲ." ಈ ಕೆಲಸಕ್ಕೆ ಬರುವವರು ಅದರ ಬಗ್ಗೆ ತಿಳಿದುಕೊಂಡೇ ಬರಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿ, ಸನ್ಮಾನದ ಶಾಲು ಇವೆಲ್ಲ ಬೀರುವಿನಲ್ಲಿ ಇವೆ, ಅಲ್ಲೇ ಇರಲಿ.

ನಾನು ಸರೋಜ, ಉಡಿಗಾಲದವಳು. ದುಡಿದದ್ದು ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ. ಚಾಮರಾಜನಗರದಲ್ಲಿ ದೊಡ್ಡ ಆಸ್ಪತ್ರೆ, ಆಡಳಿತ ಕಚೇರಿ ಎಲ್ಲ ಅಲ್ಲೇ. ಗುಂಡ್ಲುಪೇಟೆಯಲ್ಲಿ ಶಾಖೆ. ಅದರ ಹಿಂಭಾಗದಲ್ಲಿ ನಾಲ್ಕು ಯಂತ್ರಗಳ ಡಯಾಲಿಸಿಸ್ ಘಟಕ. ಆ ಘಟಕದ ಜವಾಬ್ದಾರಿ ನನ್ನದು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ಸಿಟ್ಟು ಕಟ್ಟಡದ ಮೇಲೆ ಹೋಗುತ್ತದೆ, ನನಗಿರುವ ಸಿಟ್ಟು ಮನುಷ್ಯರ ಮೇಲೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೂತ್ರಪಿಂಡ ಕೆಲಸ ನಿಲ್ಲಿಸಿದವರಿಗೆ ವಾರಕ್ಕೆ ಎರಡು ಸಲವಾದರೂ ಯಂತ್ರದಲ್ಲಿ ರಕ್ತ ಶುದ್ಧವಾಗಬೇಕು. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮೈಯಲ್ಲಿ ಕೂಡಿದ ನೀರನ್ನೂ ಯಂತ್ರವೇ ತೆಗೆಯುತ್ತದೆ. ಕಡಿಮೆ ತೆಗೆದರೆ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟುತ್ತದೆ. ಹೆಚ್ಚು ತೆಗೆದರೆ ಬಿ.ಪಿ. ಕುಸಿದು, ಕಾಲು ಸೆಟೆದು, ಕಣ್ಣು ಕತ್ತಲೆ ಬರುತ್ತದೆ. ಒಬ್ಬರಿಗೆ ತೆಗೆಯುವಷ್ಟು ಇನ್ನೊಬ್ಬರಿಗೆ ತೆಗೆಯುವ ಹಾಗಿಲ್ಲ. ಒಂದು ಪಾಳಿ ತಪ್ಪಿದರೆ ಆ ಮನುಷ್ಯನ ಮುಖ ಊದಿಕೊಳ್ಳುತ್ತದೆ. ಎರಡು ತಪ್ಪಿದರೆ ಮಲಗಲು ಆಗದೆ ರಾತ್ರಿಯೆಲ್ಲ ಕೂತು ಏದುಸಿರು ಬಿಡುತ್ತಾನೆ. ಆದ್ದರಿಂದ ನಮ್ಮಲ್ಲಿ ಪಾಳಿ ಎಂದರೆ ಬರಿಯ ಗಂಟೆ ಹೊತ್ತಿನ ಮಾತಲ್ಲ.

ಕಂಪ್ಯೂಟರ್ ಬರುವ ಮೊದಲು ಘಟಕದ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇತ್ತು. ಯಾರಿಗೆ ಯಾವ ದಿನ, ಯಾವ ಪಾಳಿ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಆ ಹಲಗೆಯ ಕೆಳಗೆ ರೋಗಿಗಳು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು, ಅದಕ್ಕೆ ಅವರು ಇಟ್ಟ ಹೆಸರು 'ಬದ್ಲಿ'. ನನ್ನ ಪಾಳಿ ನೀನು ತಗೋ, ನಿನ್ನದು ನನಗೆ ಕೊಡು. ಅದಕ್ಕೆ ಕಟ್ಟುನಿಟ್ಟಿನ ಕಾನೂನೂ ಇತ್ತು. ಪಾಳಿ ಕೊಡುವವರು ಎದುರಿಗೆ ಬಂದು ಹೇಳಬೇಕು, ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದರೆ ನಡೆಯದು. ತಗೊಂಡವರು ಅದೇ ವಾರದಲ್ಲಿ ತೀರಿಸಬೇಕು. ಆಮೇಲೆ ಮುಖ್ಯವಾದದ್ದು, ಬೀಗರೂಟಕ್ಕೆ ಹೋಗುವವರಿಗೆ ಬದ್ಲಿ ಇಲ್ಲ. ಹಬ್ಬಕ್ಕೆ ಉಂಟು, ಸಾವಿಗೆ ಉಂಟು, ಹೊಲದ ಕೆಲಸಕ್ಕೆ ಉಂಟು, ಬೀಗರೂಟಕ್ಕೆ ಮಾತ್ರ ಖಂಡಿತ ಇಲ್ಲ. ಏಕೆಂದರೆ ಬೀಗರೂಟ ಉಂಡು ಬಂದವರು ಉಪ್ಪು, ಸಾರು, ನೀರು ಎಲ್ಲ ಸೇರಿ ಉಬ್ಬಿ, ತಕ್ಕಡಿ ಹತ್ತಿದರೆ ತಕ್ಕಡಿಯೇ ಅಳುತ್ತಿತ್ತು! ಈ ಕಾನೂನು ಮಾಡಿದ್ದು ನಾವಲ್ಲ, ಅವರೇ. ನಾವು ಹಲಗೆಯಲ್ಲಿ ಅಳಿಸಿ ಬರೆಯುತ್ತಿದ್ದೆವು, ಅಷ್ಟೆ.

ಈ ಬದ್ಲಿಯಲ್ಲಿ ಎಂದೂ ಕದಲದ ಒಂದು ಜೋಡಿ ಇತ್ತು. ಹಂಗಳದ ಮಹದೇವಮ್ಮ ಮತ್ತು ಗುಂಡ್ಲುಪೇಟೆಯ ದರ್ಜಿ ರಹಮತ್ ಸಾಹೇಬರು. ಇಬ್ಬರಿಗೂ ಮಂಗಳವಾರ, ಶುಕ್ರವಾರ. ಮಹದೇವಮ್ಮನ ಮನೆ ಊರಿನಿಂದ ಹೊರಗೆ, ಹೊಲದಲ್ಲಿ. ಅಲ್ಲಿಂದ ಬಸ್ಸಿನ ರಸ್ತೆಗೆ ನಡೆದು ಬರಬೇಕು. ಬೆಳಕು ಹರಿಯುವ ಮುನ್ನ ಆ ದಾರಿಯಲ್ಲಿ ಆನೆ ಇರುತ್ತವೆ, ಯಾರೂ ಕಾಲಿಡುವುದಿಲ್ಲ. ಆದ್ದರಿಂದ ಆಕೆಗೆ ಹನ್ನೊಂದರ ಎರಡನೇ ಪಾಳಿಯೇ ಆಗಬೇಕು. ಸಾಹೇಬರ ಮನೆ ಆಸ್ಪತ್ರೆಯಿಂದ ಕೂಗಳತೆಯಲ್ಲಿ. ಶುಕ್ರವಾರ ಮಧ್ಯಾಹ್ನ ಮಸೀದಿಗೆ ಹೋಗಬೇಕು, ಅವರಿಗೆ ಬೆಳಿಗ್ಗೆ ಆರರ ಪಾಳಿಯೇ ಅನುಕೂಲ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕು.

ಸಾಹೇಬರ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಡಯಾಲಿಸಿಸ್ ಆಗುವವರ ಒಂದು ಕೈಯಲ್ಲಿ ಸೂಜಿಗೆಂದೇ ರಕ್ತನಾಳ ಜೋಡಿಸಿರುತ್ತಾರೆ. ಆ ಕೈಗೆ ಬಿಗಿಯಾದ ತೋಳು ಆಗದು. ಹೆಂಗಸರು ರವಿಕೆಯ ತೋಳನ್ನು ಮೇಲೆ ಮಾಡಲಾಗದೆ ಮುಜುಗರಪಡುತ್ತಿದ್ದರು. ಸಾಹೇಬರು ಒಂದು ದಿನ ಮಹದೇವಮ್ಮನಿಗೆ, ತೋಳಿನ ಉದ್ದಕ್ಕೂ ಬಿಚ್ಚಿ ಹಾಕುವ ಟಿಚ್ ಬಟನ್ ಇಟ್ಟ ರವಿಕೆ ಹೊಲಿದು ತಂದರು. ಮುಂದಿನ ಪಾಳಿಗೆ ಎಲ್ಲರಿಗೂ ಅಂಥದ್ದೇ ಬೇಕು. ಅಂಗಿ, ರವಿಕೆ, ಸ್ವೆಟರು ಎಲ್ಲಕ್ಕೂ ಅವರ ಅಂಗಡಿಯಲ್ಲಿ ಅಂಥ ತೋಳು ಬಂತು.

"ಅಕ್ಕ, ನಿಮ್ಮ ರವಿಕೆಯಿಂದ ನನ್ನ ಅಂಗಡಿಗೆ ಹೊಸ ಫ್ಯಾಷನ್ ಬಂತು ನೋಡಿ" ಎನ್ನುತ್ತಿದ್ದರು.

"ಫ್ಯಾಸನ್ ಮನೆ ಆಳಾಗ, ಸೂಜಿ ನೋವು ಕಮ್ಮಿ ಮಾಡ ರವಿಕೆ ಒಂದ್ ಒಲ್ಕೊಡಿ ಸಾಬ್ರೆ" ಎಂದು ಮಹದೇವಮ್ಮ ಬಿಡುತ್ತಿರಲಿಲ್ಲ.

ಹೀಗಿದ್ದ ಘಟಕಕ್ಕೆ ಸಾಫ್ಟ್‌ವೇರ್ ಬಂತು. ಹಾಸಿಗೆ, ಯಂತ್ರ, ಔಷಧ, ಹತ್ತಿ, ಪಾಳಿ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದಂತೆ. ತರಬೇತಿಗೆ ನಮ್ಮನ್ನೆಲ್ಲ ಚಾಮರಾಜನಗರಕ್ಕೆ ಕರೆಸಿದರು. ಆಡಳಿತಾಧಿಕಾರಿ ವಿಶ್ವನಾಥ್ ಅವರು ಮೊದಲು ಭಾಷಣ ಮಾಡಿದರು. "ಇನ್ನು ಮುಂದೆ ಯಾವ ಸಿಸ್ಟರ್ ಮುಲಾಜೂ ಬೇಕಾಗಿಲ್ಲ. ಯಾರು ಯಾರಿಗೆ ಹೀರೇಕಾಯಿ ತಂದುಕೊಟ್ಟರೂ ಪಾಳಿ ಬದಲಾಗೋದಿಲ್ಲ" ಎಂದು ನನ್ನ ಕಡೆ ನೋಡಿ ನಕ್ಕರು. ಹೌದು, ನಮ್ಮ ರೋಗಿಗಳು ಹೊಲದಲ್ಲಿ ಬೆಳೆದದ್ದನ್ನು ಒಮ್ಮೊಮ್ಮೆ ತರುತ್ತಿದ್ದರು. ಘಟಕದವರೆಲ್ಲ ಹಂಚಿಕೊಳ್ಳುತ್ತಿದ್ದೆವು. ಅದು ಈ ಮನುಷ್ಯನ ಬಾಯಲ್ಲಿ ಲಂಚವಾಗಿತ್ತು. ಅಲ್ಲಿ ಕೂತಿದ್ದ ಸಿಸ್ಟರುಗಳಲ್ಲಿ ಒಬ್ಬರೂ ನಗಲಿಲ್ಲ.

ಕಲಿಸಲು ಬಂದಿದ್ದವಳು ಶ್ರುತಿ ಎಂಬ ಕಂಪನಿಯ ಹೆಣ್ಣುಮಗಳು. ತಾಳ್ಮೆಯಿಂದ ಹೇಳಿಕೊಟ್ಟಳು, ಆ ವಿಷಯದಲ್ಲಿ ಒಂದು ಮಾತೂ ಆಡುವಂತಿಲ್ಲ. ನಾನು ಎದ್ದು ಕೇಳಿದೆ, "ಇಬ್ಬರು ರೋಗಿಗಳು ಒಪ್ಪಿ ಪಾಳಿ ಬದಲಾಯಿಸಿಕೊಂಡರೆ ಇದರಲ್ಲಿ ಎಲ್ಲಿ ಹಾಕಬೇಕು?"

ಶ್ರುತಿ ಬಾಯಿ ತೆರೆದಳು. ಅವಳು ಹೇಳುವ ಮೊದಲೇ ವಿಶ್ವನಾಥ್ ಕೈಯೆತ್ತಿ, "ಆಗಲ್ಲ. ಸಿಸ್ಟಮ್ ಒಪ್ಪಲ್ಲ" ಎಂದರು. ಅವಳು ತಲೆ ತಗ್ಗಿಸಿ ಪರದೆಯ ಮುಂದಿನ ಪುಟ ತೋರಿಸಿದಳು. ಅವತ್ತು ಅದು ನನ್ನ ಗಮನಕ್ಕೆ ಬಂತು, ಅರ್ಥವಾಗಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಸಾಫ್ಟ್‌ವೇರಿನಿಂದ ಒಳ್ಳೆಯದೂ ಆಯಿತು. ಮೊದಲು ಒಂದು ಪೆಟ್ಟಿಗೆ ನಳಿಕೆ ಬೇಕೆಂದರೆ ಚಾಮರಾಜನಗರದ ಉಗ್ರಾಣಕ್ಕೆ ಫೋನು ಮಾಡಿ ಮಾಡಿ ಗಂಟಲು ಒಣಗುತ್ತಿತ್ತು. ಈಗ ಅಲ್ಲಿ ಎಷ್ಟಿದೆ ಎಂದು ಇಲ್ಲಿಂದಲೇ ಕಾಣುತ್ತಿತ್ತು. ಅವಧಿ ಮುಗಿಯುವ ಔಷಧ ಕೆಂಪಗೆ ಹೊಳೆದು ಎಚ್ಚರಿಸುತ್ತಿತ್ತು. ಆದರೆ ಅದರ ಜೊತೆಗೇ ಒಂದು ವಿಚಿತ್ರ ಗಂಟು ಹಾಕಿದ್ದರು. ರೋಗಿ ತನ್ನ ಕಾರ್ಡನ್ನು ಕಂಪ್ಯೂಟರಿಗೆ ತೋರಿಸಿ ಪಾಳಿ ತೆರೆಯಬೇಕು. ಪಾಳಿ ತೆರೆದರೆ ಮಾತ್ರ ನಮ್ಮ ಶಾಖೆಯ ಉಗ್ರಾಣದಿಂದ ಆ ರೋಗಿಗೆ ಕಿಟ್ ಬಿಡುಗಡೆ. ಕಿಟ್ ಎಂದರೆ ರಕ್ತ ಸೋಸುವ ಡಯಲೈಸರ್, ನಳಿಕೆ, ಸೂಜಿ ಎಲ್ಲ ಸೇರಿದ ಕಟ್ಟು. ಅದಿಲ್ಲದೆ ಯಂತ್ರ ಇದ್ದೂ ಇಲ್ಲದ ಹಾಗೆ. ಹದಿನೈದು ನಿಮಿಷ ತಡವಾದರೆ ಪಾಳಿ ತಾನಾಗಿ ಮುಚ್ಚಿ 'ಗೈರು' ಎಂದು ಬೀಳುತ್ತಿತ್ತು. ಮೂರು ಗೈರು ಬಿದ್ದರೆ ಆ ರೋಗಿಯ ಜಾಗ ಹೋಗಿ ಕಾಯುವವರ ಪಟ್ಟಿಯಲ್ಲಿದ್ದ ಇನ್ನೊಬ್ಬರಿಗೆ ಸಿಗುತ್ತಿತ್ತು. ಜಾಗ ಕಳೆದುಕೊಂಡವರು ಮತ್ತೆ ಆ ಪಟ್ಟಿಯ ಬಾಲದಲ್ಲಿ ನಿಲ್ಲಬೇಕು.

ಮೊದಲು ಇದರ ಬಾಯಿಗೆ ಬಿದ್ದವನು ತೆರಕಣಾಂಬಿಯ ಸಿದ್ದಪ್ಪ. ತರಕಾರಿ ವ್ಯಾಪಾರ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಬೀನ್ಸು, ಟೊಮೆಟೊ ಕೂಗಿಸಿ, ಕೇರಳದ ಲಾರಿಗೆ ತುಂಬಿಸಿ, ಆಮೇಲೆ ಬಸ್ಸು ಹಿಡಿದು ಬರುವವನು. ಮೊದಲು ಯಾರ ಜೊತೆಗಾದರೂ ಬದ್ಲಿ ಮಾಡಿಕೊಂಡು ಎರಡನೇ ಪಾಳಿಗೆ ಬರುತ್ತಿದ್ದ. ಕಂಪ್ಯೂಟರ್ ಅವನಿಗೆ ಕೊಟ್ಟದ್ದು ಬೆಳಗಿನ ಪಾಳಿ. ಅವನು ಓಡೋಡಿ ಬಂದಾಗ ಪಾಳಿ ಮುಚ್ಚಿಹೋಗಿತ್ತು. ಯಂತ್ರ ತೊಳೆದು ಸಿದ್ಧವಾಗಿತ್ತು, ಹಾಸಿಗೆಗೆ ಹೊಸ ಹೊದಿಕೆ ಹಾಸಿತ್ತು, ಪಕ್ಕದಲ್ಲಿ ನಾನು ನಿಂತಿದ್ದೆ. ಕಿಟ್ ಮಾತ್ರ ಉಗ್ರಾಣದ ಬಾಗಿಲ ಹಿಂದೆ.

"ಮಿಸೀನು ಕಾಲಿಯಾಗೇ ಅದಲ್ಲ ಸಿಸ್ಟ್ರಮ್ಮ. ಕಣ್ಗೆ ಕಾಣ್ತಾ ಅದಲ್ಲ" ಎಂದ.

ನಾನು ವಿಶ್ವನಾಥ್ ಅವರಿಗೆ ಫೋನು ಮಾಡಿದೆ. ಅವರು ಶಾಂತವಾಗಿ, "ಏನ್ ಮಾಡೋದು ಸಿಸ್ಟರ್, ಸಿಸ್ಟಮ್ ಒಪ್ಪಲ್ಲ" ಎಂದರು. ಇನ್ನೊಬ್ಬ ರೋಗಿಗೆಂದು ಹೆಚ್ಚುವರಿ ಇಟ್ಟಿದ್ದ ಕಿಟ್ ತಂದು ಸಿದ್ದಪ್ಪನಿಗೆ ಹಾಕಿದೆ. ಅದಕ್ಕೆ ನನಗೆ ಮೆಮೋ ಬಂತು, ಜೊತೆಗೆ ಹೆಚ್ಚುವರಿ ಕಿಟ್ ಇಡುವುದೂ ನಿಂತಿತು. ಆಮೇಲೆ ಅವನು ಇನ್ನೂ ಎರಡು ಸಲ ತಡವಾಗಿ ಬಂದ, ಬರಿಗೈಲಿ ಹೋದ. ಮೂರನೆಯ ಗೈರಿಗೆ ಅವನ ಹೆಸರು ಪರದೆಯಿಂದ ಜಾರಿ, ಬೇರೆ ಯಾರದೋ ಹೆಸರು ಬಂದು ಕೂತಿತು. ಪಟ್ಟಿಯಲ್ಲಿ ಮತ್ತೆ ಅವನ ಸರದಿ ಬರುವ ಮೊದಲೇ ಅವನಿಗೆ ಉಸಿರು ಹತ್ತಿತು. ಚಾಮರಾಜನಗರಕ್ಕೆ ಕರೆದೊಯ್ಯುವಾಗ ಕಾರಿನಲ್ಲೇ ತೀರಿಹೋದ.

ನಾನು ಅವನ ಕಡತ ತೆರೆದು ನೋಡಿದೆ. ಹೆಸರಿನ ಮುಂದೆ 'ನಿಷ್ಕ್ರಿಯ' ಎಂದಿತ್ತು. ಮುಂಜಾನೆ ಎದ್ದು ನೂರಾರು ಚೀಲ ಎತ್ತಿಸಿ, ಆಮೇಲೆ ನಾಲ್ಕು ಗಂಟೆ ಯಂತ್ರಕ್ಕೆ ಮೈಕೊಟ್ಟು, ಸಂಜೆ ಮತ್ತೆ ಅಂಗಡಿಗೆ ಹೋಗುತ್ತಿದ್ದ ಮನುಷ್ಯನಿಗೆ ಇವರು ಕೊಟ್ಟ ಪದ ಅದು. ನನ್ನ ವೃತ್ತಿಯಲ್ಲಿ ಸಾವು ಕಂಡು ಅತ್ತದ್ದುಂಟು. ಸಿಟ್ಟಿಗೆದ್ದದ್ದು ಅವತ್ತೇ.

ಮುಂದಿನ ಸರದಿ ಮಹದೇವಮ್ಮನದು. ಕಂಪ್ಯೂಟರ್ ಆಕೆಗೆ ಬೆಳಗಿನ ಆರರ ಪಾಳಿ ಕೊಟ್ಟಿತ್ತು, ಸಾಹೇಬರಿಗೆ ಹನ್ನೊಂದರದು. ಅಂದರೆ ಇಬ್ಬರಿಗೂ ಆಗದ್ದನ್ನು ಹುಡುಕಿ ಹುಡುಕಿ ಕೊಟ್ಟ ಹಾಗೆ. ಆಕೆಗೆ ಆಗಲೇ ಎರಡು ಗೈರು ಬಿದ್ದಿದ್ದವು. ಇನ್ನೊಂದು ಬಿದ್ದರೆ ಸಿದ್ದಪ್ಪನ ದಾರಿಯೇ.

"ಕತ್ಲಲ್ಲಿ ಎಂಗ್ ಬರದು ಸಿಸ್ಟ್ರಮ್ಮ? ಮೊನ್ನೆ ನಮ್ಮ ಬೇಲಿ ತಾವೇ ನಿಂತಿತ್ತು, ಮರಿ ಬೇರೆ ಜೊತ್ಗೆ. ಆನೆಗೆ ನಾನು ಕಾರ್ಡ್ ತೋರ್ಸನಾ?" ಎಂದು ಕೇಳಿದರು. ಆಮೇಲೆ ದನಿ ಇಳಿಸಿ, "ನಂಗೂ ಸಿದ್ದಪ್ಪನಂಗೇ ಮಾಡ್ಬುಡ್ತಾರಾ?" ಎಂದರು.

ಮುಂದಿನ ಮಂಗಳವಾರ ಬೆಳಿಗ್ಗೆ ಆರಕ್ಕೆ ಸಾಹೇಬರು ಬಂದರು. ಕಾರ್ಡು ತೋರಿಸಿದರು. ಪರದೆಯ ಮೇಲೆ 'ಮಹದೇವಮ್ಮ, ಹಂಗಳ, ಹಾಜರು' ಎಂದು ಹಸಿರು ಅಕ್ಷರ ಬಂತು. ಉಗ್ರಾಣದ ಬಾಗಿಲಲ್ಲಿ ಕಿಟ್ ಬಂತು. ಸಾಹೇಬರು ಗಡ್ಡ ನೀವಿಕೊಳ್ಳುತ್ತ ಹೋಗಿ ಹಾಸಿಗೆಯ ಮೇಲೆ ಮಲಗಿದರು.

ನಾನು ಹತ್ತಿರ ಹೋಗಿ, "ಏನಿದು ಮಹದೇವಮ್ಮನೋರೆ, ಗಡ್ಡ ಬಿಟ್ಟಿದ್ದೀರಿ?" ಎಂದೆ.

"ಅಕ್ಕನ ಕಾರ್ಡು ನನ್ನ ಜೇಬಲ್ಲಿ ಐತೆ, ನನ್ ಕಾರ್ಡು ಅಕ್ಕನ ಹತ್ರ ಐತೆ ಸಿಸ್ಟರ್. ಬದ್ಲಿ ನಾವು ಬಿಟ್ಟಿಲ್ಲ, ಅವರು ಬಿಟ್ಟಿದ್ದು. ನೀವು ಬೇಡ ಅಂದ್ರೆ ಎದ್ದು ಹೋಗ್ತೀನಿ. ಆದ್ರೆ ಅಕ್ಕನಿಗೆ ಗೈರು ಬೀಳುತ್ತೆ" ಎಂದರು.

ನಾನು ಬೇಡ ಅನ್ನಲಿಲ್ಲ. ಹನ್ನೊಂದಕ್ಕೆ ಮಹದೇವಮ್ಮ ಟಿಚ್ ಬಟನ್ ರವಿಕೆ ತೊಟ್ಟು ಬಂದು ರಹಮತ್ ಆಗಿ ಮಲಗಿದರು. ಎರಡು ವಾರದಲ್ಲಿ ಅರ್ಧ ಘಟಕದ ಕಾರ್ಡುಗಳು ಕೈ ಬದಲಾಗಿದ್ದವು. ಇದರಲ್ಲಿ ಅಪಾಯವಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಸರು ಒಬ್ಬರದು, ಮೈ ಒಬ್ಬರದು. ಆದ್ದರಿಂದ ಯಾರ ರಕ್ತದಲ್ಲಿ ಸೋಂಕಿದೆ, ಯಾರದರಲ್ಲಿ ಇಲ್ಲ ಎಂದು ನೋಡಿಯೇ ಜೋಡಿಗಳನ್ನು ಬಿಟ್ಟೆ. ಪ್ರತಿ ಮಂಚದ ಕಂಬಿಗೆ ಬಿಳಿ ಪ್ಲಾಸ್ಟರ್ ತುಂಡು ಅಂಟಿಸಿ, ಅದರ ಮೇಲೆ ಮಲಗಿರುವವರ ನಿಜವಾದ ಹೆಸರು, ತೂಕ, ತೆಗೆಯಬೇಕಾದ ನೀರು ಬರೆಯುತ್ತಿದ್ದೆ. ಪರದೆ ನೋಡಿ ಯಂತ್ರ ಇಡಬೇಡಿ, ಪ್ಲಾಸ್ಟರ್ ನೋಡಿ ಇಡಿ. ನಮ್ಮವರಿಗೆ ಇದು ಬಾಯಿಪಾಠವಾಗಿತ್ತು. ಈ ಎಚ್ಚರಿಕೆಯಲ್ಲೇ ತಿಂಗಳುಗಳು ಸುಸೂತ್ರವಾಗಿ ನಡೆದವು.

ಇದರ ಫಲ ನೋಡಿ! ಗುಂಡ್ಲುಪೇಟೆ ಶಾಖೆಯಲ್ಲಿ ಗೈರು ಇಲ್ಲವೇ ಇಲ್ಲ ಎಂದು ಕಂಪ್ಯೂಟರ್ ವರದಿ ಕೊಟ್ಟಿತು. ವಿಶ್ವನಾಥ್ ಅದನ್ನು ಬಣ್ಣದ ನಕ್ಷೆ ಮಾಡಿಸಿ ಟ್ರಸ್ಟಿನವರಿಗೆ ತೋರಿಸಿದರು. ಸಾಫ್ಟ್‌ವೇರನ್ನು ಅತ್ಯುತ್ತಮವಾಗಿ ಬಳಸಿದ ಘಟಕ ಎಂದು ನಮಗೇ ಪ್ರಶಸ್ತಿಪತ್ರ. ಅದನ್ನು ಸ್ವೀಕರಿಸಲು ಒಂದು ಶುಕ್ರವಾರ ನಾನು ಚಾಮರಾಜನಗರಕ್ಕೆ ಬರಬೇಕು ಎಂದು ಅಪ್ಪಣೆಯಾಯಿತು. ಒಲ್ಲೆ ಎಂದೆ, ಕೇಳಲಿಲ್ಲ. ನನ್ನ ಬದಲಿಗೆ ದೊಡ್ಡ ಆಸ್ಪತ್ರೆಯಿಂದ ಆಶಾ ಎಂಬ ಹೊಸ ಸಿಸ್ಟರನ್ನು ಕಳಿಸಿದರು. ಹಿಂದಿನ ಸಂಜೆ ಅವಳಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ: ಮಂಚದ ಪ್ಲಾಸ್ಟರ್ ನೋಡಿಕೋ.

ನನಗೆ ಗೊತ್ತಾಗದ ಇನ್ನೊಂದು ವಿಷಯ ಅಲ್ಲಿ ನಡೆದಿತ್ತು. ಅದೇ ದಿನ ಘಟಕದ ಫೋಟೋ ತೆಗೆಯಲು ಜನ ಬರುವವರಿದ್ದರು. ಮಂಚದ ಮೇಲೆ ಪ್ಲಾಸ್ಟರ್ ಅಂಟಿಕೊಂಡಿದ್ದರೆ ಅಸಹ್ಯವಾಗಿ ಕಾಣುತ್ತದೆ, ಎಲ್ಲ ಕಿತ್ತು ಒರೆಸಿ ಎಂದು ವಿಶ್ವನಾಥ್ ಅವರೇ ಹಿಂದಿನ ರಾತ್ರಿ ಫೋನು ಮಾಡಿ ಹೇಳಿದ್ದರು. ಶುಚಿ ಮಾಡುವವರು ಕಿತ್ತರು. ಆಶಾ ಬಂದು ನೋಡಿದರೆ ಕಂಬಿಗಳು ಫಳಫಳ ಹೊಳೆಯುತ್ತಿವೆ. ಪರದೆಯ ಮೇಲೆ, ಹೆಸರು ದಾಖಲಿಸಿದಾಗ ಹಾಕಿದ ಲೆಕ್ಕ ಹಿಡಿದು ಎಷ್ಟು ನೀರು ತೆಗೆಯಬೇಕು ಎಂಬ ಸಂಖ್ಯೆ ಸಿದ್ಧವಾಗಿದೆ. ಈಗ ಮಲಗಿರುವವರು ಯಾರೆಂದು ಅದಕ್ಕೇನು ಗೊತ್ತು? ಸಾಹೇಬರು ಮಲಗಿದ್ದು ಮಹದೇವಮ್ಮನ ಹೆಸರಿನಲ್ಲಿ, ಪರದೆಯಲ್ಲಿದ್ದದ್ದು ಆಕೆಯ ಲೆಕ್ಕ. ಆಕೆಗೆ ನೀರು ಹೆಚ್ಚು ಕೂಡುತ್ತಿತ್ತು. ಸಾಹೇಬರಿಗೆ ಸ್ವಲ್ಪ ಮೂತ್ರ ಹೋಗುತ್ತಿದ್ದುದರಿಂದ ತೆಗೆಯಬೇಕಾದ್ದು ಕಡಿಮೆ. ಆ ಹುಡುಗಿ ನನಗೆ ಫೋನು ಮಾಡಿದಳಂತೆ, ಬಸ್ಸಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ, ಕೊನೆಗೆ ಪರದೆ ಹೇಳಿದಷ್ಟು ಇಟ್ಟಳು.

ನಾನು ಚಾಮರಾಜನಗರದ ಸಭಾಂಗಣದಲ್ಲಿ ಪ್ರಶಸ್ತಿಪತ್ರ ಹಿಡಿದು ಫೋಟೋಕ್ಕೆ ನಿಂತಿದ್ದಾಗ ಗುಂಡ್ಲುಪೇಟೆಯಿಂದ ಫೋನು ಬಂತು. ಸಾಹೇಬರಿಗೆ ಎರಡೂ ಕಾಲು ಸೆಟೆದು, ಬೆವರು ಸುರಿದು, ಪ್ರಜ್ಞೆ ತಪ್ಪಿತ್ತು. ಆಶಾ ಗಾಬರಿಯಾದರೂ ಕೈ ಬಿಡಲಿಲ್ಲ. ನೀರು ತೆಗೆಯುವುದು ನಿಲ್ಲಿಸಿ, ಕಾಲು ಎತ್ತಿಸಿ, ಸಲೈನ್ ಬಿಟ್ಟು, ಡಾಕ್ಟರನ್ನು ಕರೆಸಿ ಬದುಕಿಸಿಕೊಂಡಳು. ನಾನು ಪ್ರಶಸ್ತಿಪತ್ರವನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವಾಗ ಸಿದ್ದಪ್ಪನ ಮಾರುಕಟ್ಟೆ ಕಂಡಿತು. ದೇವರೇ, ಇನ್ನೊಬ್ಬರನ್ನು ಕಳಿಸಬೇಡ ಎಂದುಕೊಂಡೆ.

ನಾನು ಹೋಗುವ ಹೊತ್ತಿಗೆ ಸಾಹೇಬರು ಕಣ್ಣು ಬಿಟ್ಟಿದ್ದರು. ತಲೆಯ ಬಳಿ ಮಹದೇವಮ್ಮ ಕೂತಿದ್ದರು. "ನನ್ ನೀರೆಲ್ಲ ನಿಮ್ ಮೈಯಿಂದ ತಗ್ದವ್ರೆ ಸಾಬ್ರೆ" ಎಂದು ಆಕೆ ಅಳುತ್ತಿದ್ದರೆ, ಸಾಹೇಬರು ಬತ್ತಿದ ದನಿಯಲ್ಲಿ, "ಹೋಗ್ಲಿ ಬಿಡಿ ಅಕ್ಕ, ನಿಮ್ಗೆ ಗೈರು ಬೀಳ್ಲಿಲ್ಲವಲ್ಲ" ಎಂದು ಸಮಾಧಾನ ಮಾಡುತ್ತಿದ್ದರು.

ಆಮೇಲೆ ವಿಚಾರಣೆ. ಕಾರ್ಡಿನ ಗುಟ್ಟು ಬಯಲಾಗಿತ್ತು. ಚಾಮರಾಜನಗರದ ಕಚೇರಿಯಲ್ಲಿ ವಿಶ್ವನಾಥ್, ಟ್ರಸ್ಟಿನ ಪರವಾಗಿ ಒಬ್ಬ ವಯಸ್ಸಾದ ಡಾಕ್ಟರು, ಕಂಪನಿಯ ಕಡೆಯಿಂದ ಶ್ರುತಿ. ಈಚೆ ಕಡೆ ನಾನು, ಆಶಾ, ಸಾಹೇಬರು, ಮಹದೇವಮ್ಮ. ವಿಶ್ವನಾಥ್ ತೀರ್ಮಾನವನ್ನು ಮೊದಲೇ ಬರೆದುಕೊಂಡು ಬಂದ ಹಾಗಿತ್ತು. ಆಗಷ್ಟೇ ತಾವೇ ಪ್ರಶಸ್ತಿ ಕೊಟ್ಟ ನನ್ನನ್ನು ಬಿಟ್ಟು, ಆಶಾಳನ್ನು ಕೆಲಸದಿಂದ ತೆಗೆಯಬೇಕು, ಕಾರ್ಡು ದುರುಪಯೋಗ ಮಾಡಿದ ಮಹದೇವಮ್ಮನ ಜಾಗ ರದ್ದಾಗಬೇಕು. ಸಾಹೇಬರಿಗೆ ಮಾತ್ರ ಒಂದು ದಾರಿ ಇಟ್ಟಿದ್ದರು.

"ನೀವು ನಿಜವಾಗಿ ತೊಂದರೆಗೆ ಒಳಗಾದವರು. ಸಿಸ್ಟರುಗಳು ಬಲವಂತ ಮಾಡಿ ಕಾರ್ಡು ಬದಲಾಯಿಸಿದರು ಅಂತ ಬರೆದುಕೊಡಿ. ನಿಮ್ಮ ಜಾಗಕ್ಕೆ ಏನೂ ಆಗೋದಿಲ್ಲ" ಎಂದರು.

ಸಾಹೇಬರು ಆ ಹಾಳೆಯನ್ನು ಮುಟ್ಟಲೂ ಇಲ್ಲ. "ನಾನು ದರ್ಜಿ ಸರ್. ಅಳತೆ ತಪ್ಪಾದ್ರೆ ಬಟ್ಟೆ ಮೇಲೆ ಕೇಸ್ ಹಾಕೋಲ್ಲ. ಪಾಳಿ ನಾನೇ ಕೊಟ್ಟಿದ್ದು, ಅಕ್ಕನೇ ತಗೊಂಡಿದ್ದು. ಅಕ್ಕನ ಜಾಗ ತೆಗೆದ್ರೆ ನಂದೂ ತೆಗೀರಿ" ಎಂದರು.

ಪಾಳಿ ಬಿಟ್ಟರೆ ವಾರವೂ ಉಳಿಯದ ಮನುಷ್ಯ ಆಡಿದ ಮಾತು ಅದು. ಆ ವಯಸ್ಸಾದ ಡಾಕ್ಟರು ಶ್ರುತಿಯ ಕಡೆ ತಿರುಗಿ, "ಅಲ್ಲಮ್ಮ, ಇಬ್ಬರು ಒಪ್ಪಿದರೆ ಪಾಳಿ ಬದಲಾಯಿಸೋಕೆ ನಿಮ್ಮದರಲ್ಲಿ ದಾರಿಯೇ ಇಲ್ಲವಾ?" ಎಂದು ಕೇಳಿದರು.

ಶ್ರುತಿ ವಿಶ್ವನಾಥರ ಮುಖ ನೋಡಿದಳು. ಈ ಸಲ ತಲೆ ತಗ್ಗಿಸಲಿಲ್ಲ. "ಇದೆ ಸರ್. ಮೊದಲಿನಿಂದಲೂ ಇದೆ. ಒಂದು ಸ್ವಿಚ್ ಅಷ್ಟೆ. ಇಲ್ಲಿ ಆಫ್ ಮಾಡಿಸಿದ್ದಾರೆ. ಹದಿನೈದು ನಿಮಿಷ, ಮೂರು ಗೈರು, ಇವೂ ಸಾಫ್ಟ್‌ವೇರಿನ ನಿಯಮ ಅಲ್ಲ. ಆಸ್ಪತ್ರೆಯವರು ಹೇಳಿದ ಸಂಖ್ಯೆ ಹಾಕಿದ್ದೇವೆ."

"ಯಾಕೆ ಸರ್ ಆಫ್ ಮಾಡಿಸಿದ್ರಿ?" ಎಂದು ನಾನೇ ಕೇಳಿದೆ.

"ಬದಲಾದ ಪಾಳಿಗಳೆಲ್ಲ ವರದಿಯಲ್ಲಿ ಹಳದಿಯಾಗಿ ಬರ್ತವೆ. ಟ್ರಸ್ಟಿಗೆ ಅಶಿಸ್ತು ಅನ್ನಿಸುತ್ತೆ. ಅದು ಪಾಲಿಸಿ ಡಿಸಿಷನ್ ಸಿಸ್ಟರ್, ನಿಮಗೆ ಅರ್ಥ ಆಗಲ್ಲ" ಎಂದರು.

ನಕ್ಷೆಯಲ್ಲಿ ಹಳದಿ ಕಾಣಬಾರದು! ಅದಕ್ಕೆ ಒಬ್ಬ ಮನುಷ್ಯ ಸತ್ತ, ಇನ್ನೊಬ್ಬರು ಸಾವಿನ ಬಾಗಿಲು ನೋಡಿ ಬಂದರು, ಕೈಗೆ ಸಿಕ್ಕಿದ ಹೊಸ ಹುಡುಗಿಯ ತಲೆಗೆ ಕಟ್ಟಲು ಹೊರಟಿದ್ದರು. ನಾನು ಅವತ್ತು ಏನೇನು ಅಂದೆನೋ ಎಲ್ಲ ನೆನಪಿಲ್ಲ. "ಸಿಸ್ಟಮ್ ಒಪ್ಪಲ್ಲ ಅಂತ ನನಗೆ ಹೇಳಿದ್ರಲ್ಲ, ಒಪ್ಪದೆ ಇದ್ದದ್ದು ನೀವು. ಅದನ್ನು ಯಂತ್ರದ ತಲೆಗೆ ಕಟ್ಟಿದ್ರಿ" ಎಂದದ್ದು ನೆನಪಿದೆ. ಮೇಜು ಬಡಿದದ್ದೂ ನೆನಪಿದೆ, ಕೈ ಎರಡು ದಿನ ನೋಯುತ್ತಿತ್ತು. ಮಹದೇವಮ್ಮ ನನ್ನ ಸೆರಗು ಜಗ್ಗಿ, "ಏನಂದ್ಲು ಆ ಉಡ್ಗಿ?" ಎಂದು ಕೇಳಿದರು. ಒಂದು ಸ್ವಿಚ್ಚು ಇತ್ತಂತೆ, ಇವರು ಆರಿಸಿಟ್ಟಿದ್ದರಂತೆ ಎಂದು ಹೇಳಿದೆ. ಆಕೆ ಏನೋ ಕೂಡಿಸಿ ಕಳೆಯುವವರ ಹಾಗೆ ಕೂತಿದ್ದರು.

ಡಾಕ್ಟರು ಇಬ್ಬರ ಜಾಗವನ್ನೂ ಉಳಿಸಿದರು, ಆಶಾಳ ಕೆಲಸವನ್ನೂ ಉಳಿಸಿದರು, ಅಲ್ಲೇ ಸ್ವಿಚ್ಚು ಹಾಕಿಸಿದರು. ಶ್ರುತಿಗೆ ಅದಕ್ಕೆ ಹಿಡಿದದ್ದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಹೊರಗೆ ಬಂದಾಗ ಅವಳನ್ನು ಹಿಡಿದು, "ಇದನ್ನು ತರಬೇತಿಯ ದಿನವೇ ಯಾಕಮ್ಮ ಹೇಳಲಿಲ್ಲ?" ಎಂದೆ. "ದುಡ್ಡು ಕೊಡೋರ ಮಾತು ಮೀರಬಾರದು ಅಂತ ನಮಗೆ ಹೇಳಿದಾರೆ ಮೇಡಂ" ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಸಮಾಧಾನ ಹೇಳಲಿಲ್ಲ. ಅವಳೂ ಕೇಳಲಿ ಎಂದು ಸಿದ್ದಪ್ಪನ ಹೆಸರು, ಊರು, ವ್ಯಾಪಾರ ಎಲ್ಲ ಹೇಳಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ವಿಶ್ವನಾಥ್ ಅವರನ್ನು ನೀವು ಬಲ್ಲಿರೇನು! ನಾನು ನಿವೃತ್ತಳಾಗುವ ಕೆಲವೇ ದಿನ ಮುಂಚೆ ಗುಂಡ್ಲುಪೇಟೆ ಶಾಖೆಯಲ್ಲಿ ಶಾಮಿಯಾನ ಹಾಕಿಸಿದರು. 'ರೋಗಿಸ್ನೇಹಿ ಬದಲಿ ಪಾಳಿ ಸೌಲಭ್ಯ' ಎಂಬ ಬ್ಯಾನರು. ತಮ್ಮ ಆಸ್ಪತ್ರೆಯ ಹೊಸ ಸಾಧನೆ ಎಂದು ಅವರದೇ ಭಾಷಣ. ಫಲಾನುಭವಿಗಳು ಎರಡು ಮಾತಾಡಲಿ ಎಂದು ಮಹದೇವಮ್ಮನನ್ನು ವೇದಿಕೆಗೆ ಕರೆದರು. ಆಕೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ನಂಗೆ ಬಾಸ್ಣ ಬರದಿಲ್ಲ. ಒಂದ್ ಮಾತ್ ಕೇಳ್ಬೇಕು ಅಷ್ಟೆ. ಈ ಬದ್ಲಿ ಇವ್ರು ಕೊಟ್ಟದ್ದಲ್ಲ, ಸಾಬ್ರು ಕೊಟ್ಟದ್ದು. ಇರ್ಲಿ. ಆ ಸುಚ್ಚು ಮೊದ್ಲಿಂದ್ಲೂ ಇತ್ತಂತೆ. ಅದ ಆರ್ಸಿದ್ದು ಯಾರು?"

ಆಕೆ ಮೈಕನ್ನು ವಿಶ್ವನಾಥರ ಬಾಯಿಯ ಹತ್ತಿರ ಹಿಡಿದು ನಿಂತರು. ಅವರು ಕೈಗಡಿಯಾರ ನೋಡಿಕೊಂಡರು. ಎಷ್ಟು ಹೊತ್ತಾದರೂ ಆಕೆ ಕೈ ಇಳಿಸಲಿಲ್ಲ. ಪಾಳಿಯ ಸಮಯವಾಯಿತು ಎಂದು ನಾನೇ ಹೋಗಿ ಕರೆದುಕೊಂಡು ಬಂದೆ.

ಮಂಚದ ಮೇಲೆ ಮಲಗಿಸಿ ರವಿಕೆಯ ತೋಳಿನ ಬಟನ್ ಬಿಚ್ಚುತ್ತಿದ್ದೆ. "ಸಿದ್ದಪ್ಪನ ಎಡ್ತಿಗೆ ಇದ ಯಾರಾರ ಏಳವ್ರಾ ಸಿಸ್ಟ್ರಮ್ಮ?" ಎಂದು ಕೇಳಿದರು. ಇಲ್ಲ ಎಂದೆ. "ನೀವೇ ಏಳ್ಬೇಕು ಕಣವ್ವ, ಇನ್ಯಾರೂ ಏಳದಿಲ್ಲ" ಎಂದರು.

ಹುಡುಗಿಯರೇ, ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ನಿವೃತ್ತಿಯಾದ ಮೇಲೆ ತೆರಕಣಾಂಬಿಗೆ ಹೋದೆ. ಆಕೆ ಗಂಡನ ಜಾಗದಲ್ಲಿ ಕೂತು ಬೀನ್ಸು ತೂಗಿಸುತ್ತಿದ್ದರು. ಜನ ಕರಗುವವರೆಗೆ ಕಾದು, ಪಕ್ಕದಲ್ಲಿ ಕೂತು, ಎಲ್ಲ ಹೇಳಿದೆ. ಯಂತ್ರ ಖಾಲಿ ಇದ್ದದ್ದು, ಕಿಟ್ ಬಾಗಿಲ ಹಿಂದೆ ಇದ್ದದ್ದು, ಒಪ್ಪದೆ ಇದ್ದವರು ಯಾರು ಎಂಬುದು. ಆಕೆ ಕೈಯಲ್ಲಿದ್ದ ಬೀನ್ಸನ್ನು ರಾಶಿಗೆ ಹಾಕಿ ನನ್ನ ಮುಖವನ್ನೇ ನೋಡಿದರು.

"ಅಷ್ಟೇಯಾ?" ಎಂದರು. "ಬರೀ ಒಂದ್ ಸುಚ್ಚಾ?"